ಒಂದು ಗಂಟೆಯ ಭಾಷಣದಿಂದ ಆಗದ ಕೆಲಸ: ಹಿಂಸೆ ಮತ್ತು ಮಾನವ ಕಳ್ಳಸಾಗಣೆ ತಡೆಯುವುದನ್ನು ಕಾಲೇಜಿನಲ್ಲಿ ಕಲಿಸುವ ಬಗೆ

ಸಭಾಂಗಣದಲ್ಲಿ ಮುನ್ನೂರು ವಿದ್ಯಾರ್ಥಿಗಳು, ವೇದಿಕೆಯ ಮೇಲೆ ಒಬ್ಬ ಅತಿಥಿ, ಹಿಂದಿನ ಬ್ಯಾನರಿನಲ್ಲಿ ಸರಪಳಿ ಬಿಗಿದ ಎರಡು ಕೈ. ಒಂದು ಗಂಟೆಯ ಮಾತು, ಎದ್ದು ನಿಂತು ಒಂದು ಪ್ರತಿಜ್ಞೆ, ಗುಂಪು ಫೋಟೊ, ವಾರ್ಷಿಕ ವರದಿಗೆ ಒಂದು ಸಾಲು. ಎಷ್ಟೋ ಕಾಲೇಜುಗಳಲ್ಲಿ ಹಿಂಸೆ ಮತ್ತು ಮಾನವ ಕಳ್ಳಸಾಗಣೆಯ ಕುರಿತ ಜಾಗೃತಿ ಇಷ್ಟಕ್ಕೇ ಮುಗಿಯುತ್ತದೆ. ಒಳ್ಳೆಯದಾಗದಿದ್ದರೂ ಕೆಡುಕಂತೂ ಇಲ್ಲವಲ್ಲ ಎಂದು ಸಮಾಧಾನ ಮಾಡಿಕೊಳ್ಳುವವರಿದ್ದಾರೆ. ಕೆಡುಕಿದೆ. ಸರಪಳಿಯ ಚಿತ್ರ ನೋಡಿ ಬಂದ ವಿದ್ಯಾರ್ಥಿ ಸರಪಳಿಯನ್ನೇ ಹುಡುಕುತ್ತಾನೆ; ಮೊಬೈಲಿಗೆ ಬಂದ ನೇಮಕಾತಿ ಪತ್ರದ ಮೇಲೆ ಅವನಿಗೆ ಅನುಮಾನ ಬರುವುದಿಲ್ಲ.

ಇಂಥ ಕಾರ್ಯಕ್ರಮಗಳಿಂದ ಏನಾಗುತ್ತದೆ ಎಂಬುದನ್ನು ಅಳೆದು ನೋಡಿದವರಿದ್ದಾರೆ. 2014ರಲ್ಲಿ ಅಮೆರಿಕದ ರೋಗ ನಿಯಂತ್ರಣ ಕೇಂದ್ರದ ಸಾರಾ ಡಿಗ್ಯೂ ಮತ್ತು ಸಹ ಸಂಶೋಧಕರು ಲೈಂಗಿಕ ಹಿಂಸೆ ತಡೆಯುವ ಕಾರ್ಯಕ್ರಮಗಳ 140 ಮೌಲ್ಯಮಾಪನಗಳನ್ನು ಒಟ್ಟಿಗಿಟ್ಟು ಪರಿಶೀಲಿಸಿದರು. ಹಿಂಸೆಯ ನಡವಳಿಕೆಯೇ ಕಡಿಮೆಯಾಯಿತು ಎನ್ನಲು ಗಟ್ಟಿ ಪುರಾವೆ ಸಿಕ್ಕಿದ್ದು ಮೂರಕ್ಕೆ ಮಾತ್ರ. ಒಂದೇ ಸಲ ನಡೆಸಿ ಕೈತೊಳೆದುಕೊಳ್ಳುವ ಚುಟುಕು ಕಾರ್ಯಕ್ರಮ ಆ ಮೂರರಲ್ಲಿ ಒಂದೂ ಇರಲಿಲ್ಲ. ಅಂಥ ಚುಟುಕು ಕಾರ್ಯಕ್ರಮಗಳಿಂದ ಮಾಹಿತಿ ಹೆಚ್ಚಿತ್ತು, ಕೆಲವು ವಾರ ಅಭಿಪ್ರಾಯವೂ ಬದಲಾಗಿತ್ತು. ನಡವಳಿಕೆ ಇದ್ದಲ್ಲೇ ಇತ್ತು.

ಇದಕ್ಕೆ ಎದುರಾಗಿ ಕೆನಡಾದ ಒಂದು ಪ್ರಯೋಗವನ್ನು ಇಟ್ಟು ನೋಡಬೇಕು. ಮನಶ್ಶಾಸ್ತ್ರಜ್ಞೆ ಷಾರ್ಲೀನ್ ಸೆನ್ ನೇತೃತ್ವದಲ್ಲಿ ಮೂರು ವಿಶ್ವವಿದ್ಯಾಲಯಗಳ ಮೊದಲ ವರ್ಷದ 893 ವಿದ್ಯಾರ್ಥಿನಿಯರನ್ನು ಎರಡು ಗುಂಪು ಮಾಡಲಾಯಿತು. ಒಂದು ಗುಂಪಿಗೆ ಮಾಮೂಲಿನಂತೆ ಕರಪತ್ರ. ಇನ್ನೊಂದಕ್ಕೆ ತಲಾ ಮೂರು ಗಂಟೆಯ ನಾಲ್ಕು ತರಗತಿ: ಪರಿಚಿತರಿಂದ ಬರುವ ಅಪಾಯವನ್ನು ಗುರುತಿಸುವುದು, ‘ಇವನು ಅಂಥವನಲ್ಲ’ ಎಂಬ ಒಳಗಿನ ಅಡ್ಡಿಯನ್ನು ದಾಟುವುದು, ಮಾತಿನಿಂದಲೂ ಮೈಬಲದಿಂದಲೂ ತಡೆಯುವ ಅಭ್ಯಾಸ, ತನಗೆ ಬೇಕಾದ್ದು ಬೇಡವಾದ್ದರ ಬಗ್ಗೆ ಸ್ಪಷ್ಟತೆ. 2015ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ, ಒಂದು ವರ್ಷದೊಳಗೆ ಅತ್ಯಾಚಾರಕ್ಕೆ ಒಳಗಾದವರು ಕರಪತ್ರದ ಗುಂಪಿನಲ್ಲಿ ಶೇ 9.8, ತರಗತಿಯ ಗುಂಪಿನಲ್ಲಿ ಶೇ 5.2. ಹನ್ನೆರಡು ಗಂಟೆಯ ಅಭ್ಯಾಸಕ್ಕೂ ಒಂದು ಹಾಳೆಗೂ ಇರುವ ಅಂತರ ಅದು. ತಡೆಯುವ ಹೊಣೆಯನ್ನು ಹೆಣ್ಣುಮಕ್ಕಳ ತಲೆಗೇ ಕಟ್ಟಿದಂತಾಯಿತಲ್ಲ ಎಂಬ ಆಕ್ಷೇಪ ನ್ಯಾಯವಾದದ್ದೇ. ಅದಕ್ಕಾಗಿಯೇ ಈ ಪಾಠ ಒಂಟಿಯಾಗಿ ನಿಲ್ಲಬಾರದು. ಹುಡುಗರ ಜೊತೆ ಮಾಡಬೇಕಾದ ಕೆಲಸ ಬೇರೆಯೇ ಇದೆ, ಅದಕ್ಕೆ ಮುಂದೆ ಬರೋಣ.

ಮೂರು ಪ್ರಶ್ನೆ, ನಾಲ್ಕು ಪ್ರಸಂಗ

ಕಳ್ಳಸಾಗಣೆ ಎಂದ ತಕ್ಷಣ ವಿದ್ಯಾರ್ಥಿಗಳ ಮನಸ್ಸಿಗೆ ಬರುವುದು ಅಪಹರಣ. ಆ ಚಿತ್ರವನ್ನು ಮೊದಲು ಅಳಿಸಬೇಕು. ವಿಶ್ವಸಂಸ್ಥೆ 2000ನೇ ಇಸವಿಯಲ್ಲಿ ಅಂಗೀಕರಿಸಿದ, 2003ರ ಡಿಸೆಂಬರಿನಲ್ಲಿ ಜಾರಿಗೆ ಬಂದ ಪಲೆರ್ಮೊ ಒಪ್ಪಂದ, ಒಂದು ಕೃತ್ಯವನ್ನು ಕಳ್ಳಸಾಗಣೆ ಎನ್ನಲು ಮೂರು ಅಂಶಗಳನ್ನು ಕೇಳುತ್ತದೆ. ಏನು ಮಾಡಿದರು: ಸೇರಿಸಿಕೊಂಡರೇ, ಸಾಗಿಸಿದರೇ, ಇರಿಸಿಕೊಂಡರೇ? ಹೇಗೆ ಮಾಡಿದರು: ಬಲವಂತವೇ, ಮೋಸವೇ, ಅಸಹಾಯಕತೆಯ ದುರ್ಬಳಕೆಯೇ? ಯಾವುದಕ್ಕಾಗಿ: ಶೋಷಣೆಗಾಗಿಯೇ? ಎರಡನೆಯದು ಇದ್ದಲ್ಲಿ ‘ಅವಳೇ ಒಪ್ಪಿ ಹೋದಳು’ ಎಂಬ ಮಾತಿಗೆ ಬೆಲೆಯಿಲ್ಲ. ಹದಿನೆಂಟು ತುಂಬದವರಾದರೆ ಎರಡನೆಯ ಪ್ರಶ್ನೆಯನ್ನು ಕೇಳಬೇಕಾಗಿಯೂ ಇಲ್ಲ. ಗಡಿ ದಾಟಬೇಕೆಂಬ ಕಡ್ಡಾಯವಿಲ್ಲ. ಇದ್ದ ಊರಿನಲ್ಲೇ ಕಳ್ಳಸಾಗಣೆ ನಡೆಯಬಹುದು.

ಇದನ್ನು ಬೋರ್ಡಿನ ಮೇಲೆ ಬರೆದು ವಿವರಿಸಿದರೆ ಪರೀಕ್ಷೆಗೆ ಉತ್ತರ ಬರೆಯುತ್ತಾರೆ, ಅಷ್ಟೆ. ನಾಲ್ಕು ಪ್ರಸಂಗಗಳನ್ನು ಚೀಟಿಯಲ್ಲಿ ಬರೆದು ಕೊಡಿ. ಹಣ ಕೊಟ್ಟು ಅಕ್ರಮವಾಗಿ ಗಡಿ ದಾಟಿ, ಆಚೆ ಮುಟ್ಟಿದ ಮೇಲೆ ತನ್ನ ದಾರಿ ಹಿಡಿದವನು. ಕಡಿಮೆ ಸಂಬಳಕ್ಕೆ ದುಡಿಯುತ್ತಿದ್ದರೂ ನಾಳೆ ಕೆಲಸ ಬಿಟ್ಟು ಹೋಗಬಲ್ಲವಳು. ಹೋಟೆಲ್ ಕೆಲಸವೆಂದು ಒಪ್ಪಿ ಹೋದ ಮೇಲೆ ಪಾಸ್‌ಪೋರ್ಟ್ ಕಸಿದು, ಪ್ರಯಾಣದ ಖರ್ಚನ್ನು ಸಾಲವೆಂದು ಬರೆದುಕೊಂಡದ್ದರಿಂದ ಹೊರಡಲಾಗದವನು. ಯಾರೂ ಸುಳ್ಳು ಹೇಳದಿದ್ದರೂ, ತಾನೇ ಇಷ್ಟಪಟ್ಟು ಹೋದರೂ, ಲೈಂಗಿಕ ವ್ಯಾಪಾರಕ್ಕೆ ಸೇರಿಸಲ್ಪಟ್ಟ ಹದಿನೇಳರ ಹುಡುಗಿ. ಮೊದಲನೆಯದು ಜನರ ಅಕ್ರಮ ಸಾಗಾಟ, ಎರಡನೆಯದು ಕಾರ್ಮಿಕ ಕಾನೂನಿನ ಉಲ್ಲಂಘನೆ, ಉಳಿದೆರಡು ಕಳ್ಳಸಾಗಣೆ. ವಿದ್ಯಾರ್ಥಿಗಳು ಹೆಚ್ಚು ಜಗಳಾಡುವುದು ನಾಲ್ಕನೆಯದರ ಮೇಲೆ. ಜಗಳಾಡಲಿ ಬಿಡಿ, ಪಾಠವಾಗುವುದು ಅಲ್ಲೇ.

ಲೈಂಗಿಕ ಶೋಷಣೆಯೊಂದೇ ಕಳ್ಳಸಾಗಣೆಯಲ್ಲ ಎಂಬುದಕ್ಕೆ ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ ಇತರ ಸಂಸ್ಥೆಗಳೊಂದಿಗೆ 2022ರಲ್ಲಿ ಪ್ರಕಟಿಸಿದ ಅಂದಾಜನ್ನು ಮುಂದಿಡಬಹುದು. 2021ರಲ್ಲಿ ಯಾವುದೇ ಒಂದು ದಿನ ಜಗತ್ತಿನಲ್ಲಿ 2.76 ಕೋಟಿ ಜನ ಬಲವಂತದ ದುಡಿಮೆಯಲ್ಲಿದ್ದರು. ಬಲವಂತದ ಲೈಂಗಿಕ ವ್ಯಾಪಾರದಲ್ಲಿದ್ದವರು ಅವರಲ್ಲಿ 63 ಲಕ್ಷ. ಖಾಸಗಿ ವಲಯದ ಬೇರೆ ಕೆಲಸಗಳಲ್ಲಿ ಸಿಕ್ಕಿಬಿದ್ದವರು 1.73 ಕೋಟಿ. ಇದನ್ನು ಕೇಳಿದ ಮೇಲೆ ‘ಇದು ಹುಡುಗಿಯರ ವಿಷಯ’ ಎಂದು ಹಿಂದಿನ ಬೆಂಚಿನಲ್ಲಿ ಮೊಬೈಲ್ ನೋಡುತ್ತಿದ್ದ ಹುಡುಗರು ತಲೆ ಎತ್ತಬೇಕು.

ಜಾಹೀರಾತನ್ನು ಬಿಡಿಸಿ ನೋಡುವುದು

ಓದಿದವರು ಮೋಸ ಹೋಗುವುದಿಲ್ಲ ಎಂಬ ನಂಬಿಕೆ ಕಾಲೇಜುಗಳಲ್ಲಿ ಬಲವಾಗಿದೆ. 2023ರ ಆಗಸ್ಟಿನಲ್ಲಿ ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಕಚೇರಿ ಹೊರತಂದ ವರದಿ ಇದನ್ನು ತಲೆಕೆಳಗು ಮಾಡುತ್ತದೆ. ಆನ್‌ಲೈನ್ ವಂಚನೆಯ ಅಡ್ಡೆಗಳಲ್ಲಿ ಬಲವಂತವಾಗಿ ದುಡಿಯುತ್ತಿರುವವರು ಮ್ಯಾನ್ಮಾರ್‌ನಲ್ಲಿ ಕನಿಷ್ಠ 1.2 ಲಕ್ಷ, ಕಾಂಬೋಡಿಯಾದಲ್ಲಿ ಸುಮಾರು 1 ಲಕ್ಷ ಇರಬಹುದು ಎಂದು ಅದು ಹೇಳಿತು. ಅವರಲ್ಲಿ ಅನೇಕರು ಪದವೀಧರರು, ಕಂಪ್ಯೂಟರ್ ಬಲ್ಲವರು, ಎರಡು ಮೂರು ಭಾಷೆ ಮಾತಾಡುವವರು. ಅಡ್ಡೆಗಳಿಗೆ ಬೇಕಾದದ್ದೇ ಅಂಥವರು. ಗಂಡಸರೂ ದೊಡ್ಡ ಸಂಖ್ಯೆಯಲ್ಲಿದ್ದಾರೆ.

ಹಾಗಾಗಿ ಒಂದು ಪೂರ್ತಿ ತರಗತಿಯನ್ನು ಒಂದು ಜಾಹೀರಾತಿಗೆ ಕೊಡಿ. ಹುದ್ದೆ ಗ್ರಾಹಕ ಸೇವೆಯದೋ ಡಿಜಿಟಲ್ ಮಾರ್ಕೆಟಿಂಗಿನದೋ; ಅನುಭವ ಬೇಡ; ಸಂಬಳ ಅದೇ ಕೆಲಸಕ್ಕೆ ಬೇರೆಡೆ ಕೊಡುವುದರ ಎರಡು ಮೂರು ಪಟ್ಟು; ಸಂದರ್ಶನ ಚಾಟ್‌ನಲ್ಲೇ ಮುಗಿಯುತ್ತದೆ; ವಿಮಾನದ ಟಿಕೆಟ್ ಅವರೇ ಕಳಿಸುತ್ತಾರೆ; ವೀಸಾ ಮಾತ್ರ ಪ್ರವಾಸಿಯದು, ‘ಬಂದ ಮೇಲೆ ಬದಲಾಯಿಸೋಣ’. ಇಳಿದ ಮೇಲೆ ಕಾರು ಹೇಳಿದ ಊರಿಗೆ ಹೋಗದೆ ಗಡಿಯ ಕಡೆ ಓಡುತ್ತದೆ. ಪಾಸ್‌ಪೋರ್ಟ್ ‘ನೋಂದಣಿಗೆ’ ಹೋಗುತ್ತದೆ. ಬಿಟ್ಟು ಹೋಗಬೇಕೆಂದರೆ ಬಿಡುಗಡೆಯ ಹಣ ಕಟ್ಟಬೇಕು.

ಈ ಸರಪಣಿಯ ಪ್ರತಿ ಕೊಂಡಿಯ ಬಳಿ ನಿಲ್ಲಿಸಿ, ‘ಇಲ್ಲಿಂದ ಹಿಂದಿರುಗಲು ಏನು ಬೇಕು?’ ಎಂದು ಕೇಳಿ. ಟಿಕೆಟ್ ಬರುವ ಮುನ್ನ ಒಂದು ಫೋನ್ ಕರೆ ಸಾಕು: ಜಾಹೀರಾತಿನಲ್ಲಿರುವ ನಂಬರಿಗೆ ಅಲ್ಲ, ತಾನೇ ಬೇರೆ ಮೂಲದಿಂದ ಹುಡುಕಿದ ಕಂಪನಿಯ ನಂಬರಿಗೆ. ವಿಮಾನ ನಿಲ್ದಾಣದಲ್ಲಿ ವಲಸೆ ಅಧಿಕಾರಿಯ ಮುಂದೆ ಸುಳ್ಳು ಹೇಳಲು ಏಜೆಂಟ್ ಕಲಿಸಿಕೊಟ್ಟಿದ್ದರೆ, ಅಲ್ಲೇ ನಿಲ್ಲಬೇಕು. ಕಾರು ಹತ್ತಿದ ಮೇಲೆ ಮಾಡಬಹುದಾದ್ದು ತೀರಾ ಕಡಿಮೆ. ಮುಂದೆ ಮುಂದೆ ಹೋದಂತೆ ಹಿಂದಿರುಗುವ ಬೆಲೆ ಏರುತ್ತದೆ ಎಂಬುದು ಹೀಗೆ ಕಣ್ಣಿಗೆ ಕಟ್ಟುತ್ತದೆ.

ಇಲ್ಲೊಂದು ತಪ್ಪು ಸಾಮಾನ್ಯವಾಗಿ ಆಗುತ್ತದೆ. ‘ಹಣ ಕೇಳಿದರೆ ಮೋಸ’ ಎಂಬ ಒಂದೇ ಸೂತ್ರವನ್ನು ಕಲಿಸಿಬಿಡುತ್ತೇವೆ. ಸೂತ್ರದಲ್ಲಿ ತಿರುಳಿದೆ: ಖಾಸಗಿ ಉದ್ಯೋಗ ಏಜೆನ್ಸಿಗಳ ಕುರಿತ 1997ರ 181ನೇ ಅಂತರರಾಷ್ಟ್ರೀಯ ಕಾರ್ಮಿಕ ಒಡಂಬಡಿಕೆ, ಕೆಲವೇ ವಿನಾಯಿತಿಗಳನ್ನು ಬಿಟ್ಟರೆ, ಕೆಲಸಗಾರರಿಂದ ನೇರವಾಗಿಯೋ ಸುತ್ತುಬಳಸಿಯೋ ಶುಲ್ಕ ವಸೂಲಿ ಮಾಡಕೂಡದು ಎನ್ನುತ್ತದೆ. ಆದರೆ ವಂಚನೆಯ ಅಡ್ಡೆಗಳು ಎಷ್ಟೋ ಸಲ ಒಂದು ಪೈಸೆಯನ್ನೂ ಕೇಳುವುದಿಲ್ಲ. ತಾವೇ ಖರ್ಚು ಮಾಡುತ್ತವೆ. ಹಣ ಕೇಳಲಿಲ್ಲ ಎಂಬ ಕಾರಣಕ್ಕೇ ವಿದ್ಯಾರ್ಥಿ ನಿಶ್ಚಿಂತನಾಗುತ್ತಾನೆ. ಆದ್ದರಿಂದ ಸೂತ್ರವನ್ನು ಬದಲಿಸಿ: ಖರ್ಚು ಯಾರದು ಎನ್ನುವುದಕ್ಕಿಂತ, ಬೇಡವೆನಿಸಿದ ದಿನ ಯಾರ ಅನುಮತಿಯೂ ಇಲ್ಲದೆ ವಾಪಸು ಬರಬಲ್ಲೆನೇ ಎಂದು ಕೇಳಿಕೊಳ್ಳಬೇಕು. ತನ್ನ ಪಾಸ್‌ಪೋರ್ಟ್ ತನ್ನ ಕೈಯಲ್ಲಿ, ತನಗೆ ಅರ್ಥವಾಗುವ ಭಾಷೆಯಲ್ಲಿ ಒಪ್ಪಂದ ಹೊರಡುವ ಮುನ್ನವೇ, ಕೆಲಸದ ವೀಸಾ, ವಾಪಸು ಬರುವಷ್ಟು ಹಣ ಬೇರೆ ಕಡೆ. ದಾಖಲೆಗಳ ನಕಲು ನಂಬುಗೆಯ ಒಬ್ಬರ ಬಳಿ. ದಿನಕ್ಕೊಂದು ಗೊತ್ತಾದ ಹೊತ್ತಿನಲ್ಲಿ ಕರೆ. ಪಕ್ಕದಲ್ಲಿ ಯಾರೋ ಕೇಳಿಸಿಕೊಳ್ಳುತ್ತಿದ್ದಾರೆ ಎಂದು ತಿಳಿಸುವ ಒಂದು ಗುಟ್ಟಿನ ಮಾತು, ಮತ್ತು ಎರಡು ಕರೆ ತಪ್ಪಿದರೆ ಮನೆಯವರು ಯಾರಿಗೆ ದೂರು ಕೊಡಬೇಕು ಎಂಬುದು ಮೊದಲೇ ಬರೆದಿಟ್ಟ ಹಾಳೆಯಲ್ಲಿ.

ಸಾಲದ ಲೆಕ್ಕವನ್ನೂ ತರಗತಿಯಲ್ಲೇ ಮಾಡಿಸಬೇಕು. ಸಾಲ 100 ಎಂದಿಟ್ಟುಕೊಳ್ಳಿ, ಬಡ್ಡಿ ತಿಂಗಳಿಗೆ ನೂರಕ್ಕೆ 5. ಸಂಬಳ 20, ವಸತಿಗೂ ಊಟಕ್ಕೂ ಹಿಡಿದುಕೊಳ್ಳುವುದು 12, ತಡವಾಗಿ ಬಂದೆ, ಗುರಿ ಮುಟ್ಟಲಿಲ್ಲ ಎಂಬ ದಂಡ 4. ಸಾಲಕ್ಕೆ ಜಮೆಯಾಗುವುದು 4, ಬಡ್ಡಿಯೇ 5. ವರ್ಷದ ಕೊನೆಗೆ ಒಂದು ದಿನವೂ ರಜೆ ಹಾಕದೆ ದುಡಿದವನ ಸಾಲ ಸುಮಾರು 116. ಬೀಗ ಹಾಕದೆಯೂ ಒಬ್ಬರನ್ನು ಕೂಡಿಹಾಕುವುದು ಹೇಗೆ ಎಂಬುದು ಯಾವ ಭಾಷಣಕ್ಕಿಂತಲೂ ಈ ಕೂಡಿಸಿ ಕಳೆಯುವುದರಲ್ಲಿ ಮನವರಿಕೆಯಾಗುತ್ತದೆ.

ಹಿಡಿತದ ವ್ಯಾಕರಣ

ಸಂಗಾತಿಯ ಹಿಂಸೆ ಮತ್ತು ಕಳ್ಳಸಾಗಣೆಯನ್ನು ಒಂದೇ ಪಾಠಮಾಲೆಯಲ್ಲಿ ಇಡಲು ಬಲವಾದ ಕಾರಣವಿದೆ. ಕೊರಿಯಾ ಯುದ್ಧದ ಸೆರೆಯಾಳುಗಳ ಮನಸ್ಸನ್ನು ಹೇಗೆ ಮುರಿದರು ಎಂದು ಅಧ್ಯಯನ ಮಾಡಿದ ಸಮಾಜಶಾಸ್ತ್ರಜ್ಞ ಆಲ್ಬರ್ಟ್ ಬಿಡರ್ಮನ್ 1957ರಲ್ಲಿ ಎಂಟು ತಂತ್ರಗಳ ಪಟ್ಟಿ ಕೊಟ್ಟರು: ಒಂಟಿ ಮಾಡುವುದು, ತನ್ನ ಸುತ್ತಲೇ ಗಮನ ಕಟ್ಟಿಹಾಕುವುದು, ದಣಿಸುವುದು, ಬೆದರಿಸುವುದು, ಆಗಾಗ ಕರುಣೆ ತೋರುವುದು, ತಾನು ಏನು ಬೇಕಾದರೂ ಮಾಡಬಲ್ಲೆ ಎಂದು ತೋರಿಸುವುದು, ಅವಮಾನಿಸುವುದು, ಕ್ಷುಲ್ಲಕ ಆಜ್ಞೆಗಳನ್ನು ಪಾಲಿಸುವಂತೆ ಮಾಡುವುದು. ಈ ಪಟ್ಟಿ ಹಿಡಿದು ಒಂದು ಹಿಂಸೆಯ ಸಂಬಂಧವನ್ನೂ ಒಂದು ದುಡಿಮೆಯ ಅಡ್ಡೆಯನ್ನೂ ನೋಡಿದರೆ ಎರಡಕ್ಕೂ ಹೊಂದುತ್ತದೆ. ‘ಹಾಗಾದರೆ ಬಿಟ್ಟು ಬರಬಹುದಿತ್ತಲ್ಲ?’ ಎಂಬ ಪ್ರಶ್ನೆ ಪ್ರತಿ ತರಗತಿಯಲ್ಲೂ ಏಳುತ್ತದೆ. ಉತ್ತರ ಐದನೆಯ ತಂತ್ರದಲ್ಲಿದೆ. ಹೊಡೆದವನೇ ಮರುದಿನ ಔಷಧಿ ತಂದಾಗ, ಮತ್ತೆ ಒಳ್ಳೆಯವನಾಗುತ್ತಾನೆ ಎಂಬ ಆಸೆಯೇ ಬಾಗಿಲಿಗೆ ಅಡ್ಡ ನಿಲ್ಲುತ್ತದೆ.

ಹಾಗೆಂದು ‘ಈಗಲೇ ಬಿಟ್ಟು ಬಾ’ ಎಂಬುದನ್ನು ಸಲಹೆಯಾಗಿ ಕಲಿಸಬೇಡಿ. ಬಿಟ್ಟು ಹೊರಡುವ ಹೊತ್ತೇ ಬಹಳ ಸಲ ಅತಿ ಅಪಾಯದ ಹೊತ್ತು. ಮೊದಲು ಯೋಜನೆ: ಯಾವ ದಿನ, ಎಲ್ಲಿಗೆ, ಯಾರ ಜೊತೆ, ದಾಖಲೆ ಎಲ್ಲಿ, ಫೋನಿನ ಲೊಕೇಶನ್ ಯಾರಿಗೆ ಕಾಣುತ್ತಿದೆ. ಕೆಲವು ಗುರುತುಗಳನ್ನು ಪ್ರತಿ ವಿದ್ಯಾರ್ಥಿಯೂ ತಿಳಿದಿರಲೇಬೇಕು. ಅವುಗಳಲ್ಲಿ ಮೊದಲನೆಯದು ಕತ್ತು ಹಿಸುಕುವುದು. 2008ರಲ್ಲಿ ಪ್ರಕಟವಾದ ಒಂದು ಅಮೆರಿಕನ್ ಅಧ್ಯಯನದಲ್ಲಿ, ಹಿಂದೊಮ್ಮೆ ಸಂಗಾತಿಯಿಂದ ಕತ್ತು ಹಿಸುಕಿಸಿಕೊಂಡ ಮಹಿಳೆ ಮುಂದೆ ಅವನಿಂದ ಕೊಲೆಯಾಗುವ ಸಂಭವ ಏಳು ಪಟ್ಟಿಗೂ ಹೆಚ್ಚು ಎಂದು ಕಂಡುಬಂತು. ಮೈಮೇಲೆ ಗುರುತೇ ಇರದಿರಬಹುದು. ಗೆಳತಿ ನಗುತ್ತಲೇ ಇದನ್ನು ಹೇಳಿದರೂ ಅಂದೇ ಸಹಾಯಕ್ಕೆ ಹೋಗಬೇಕು, ವೈದ್ಯರಿಗೂ ತೋರಿಸಬೇಕು.

ಖಾಸಗಿ ಚಿತ್ರ ಹಿಡಿದು ಬೆದರಿಸುವವರ ವಿಷಯ ಚಿಕ್ಕದಾಗಿ, ಖಚಿತವಾಗಿ ಹೇಳಿದರೆ ಸಾಕು. ಹಣ ಕಳಿಸಬೇಡಿ, ಕೊಟ್ಟವರಿಂದ ಮತ್ತೆ ಕೇಳುತ್ತಾರೆ. ಹೆದರಿ ಚಾಟ್ ಅಳಿಸಬೇಡಿ. ಹೆಸರು, ನಂಬರು, ಕೊಂಡಿಗಳ ಸ್ಕ್ರೀನ್‌ಶಾಟ್ ತೆಗೆದಿಟ್ಟ ಮೇಲೆ ಬ್ಲಾಕ್ ಮಾಡಿ, ದೂರು ಕೊಡಿ. ಹದಿನೆಂಟು ಮೀರಿದವರಿಗೆ ಸ್ಟಾಪ್‌ಎನ್‌ಸಿಐಐ, ಅದಕ್ಕೂ ಕಡಿಮೆ ವಯಸ್ಸಿನಲ್ಲಿ ತೆಗೆದ ಚಿತ್ರಗಳಿಗೆ ಟೇಕ್ ಇಟ್ ಡೌನ್ ಎಂಬ ಉಚಿತ ಸೇವೆಗಳಿವೆ. ಚಿತ್ರ ನಿಮ್ಮ ಫೋನು ಬಿಟ್ಟು ಹೋಗುವುದಿಲ್ಲ. ಅದರ ಡಿಜಿಟಲ್ ಬೆರಳಚ್ಚು, ಅಂದರೆ ಚಿತ್ರವನ್ನು ಗುರುತಿಸುವ ಒಂದು ಸಂಕೇತ, ಮಾತ್ರ ಹೋಗುತ್ತದೆ, ಸೇರಿಕೊಂಡಿರುವ ಜಾಲತಾಣಗಳು ಅದನ್ನು ಹೋಲಿಸಿ ತಡೆಯುತ್ತವೆ.

ನೋಡಿಯೂ ಸುಮ್ಮನಿರುವವರು

1968ರಲ್ಲಿ ಮನಶ್ಶಾಸ್ತ್ರಜ್ಞರಾದ ಜಾನ್ ಡಾರ್ಲಿ ಮತ್ತು ಬಿಬ್ ಲಟಾನೆ ಮಾಡಿದ ಪ್ರಯೋಗದಲ್ಲಿ, ಪಕ್ಕದ ಕೋಣೆಯಲ್ಲಿ ಯಾರೋ ಫಿಟ್ಸ್ ಬಂದು ಒದ್ದಾಡುತ್ತಿರುವುದು ತನಗೊಬ್ಬನಿಗೇ ಕೇಳುತ್ತಿದೆ ಎಂದುಕೊಂಡವರಲ್ಲಿ ಶೇ 85 ಮಂದಿ ಸಹಾಯ ಕರೆದರು. ಇನ್ನೂ ನಾಲ್ವರು ಕೇಳಿಸಿಕೊಳ್ಳುತ್ತಿದ್ದಾರೆ ಎಂದುಕೊಂಡವರಲ್ಲಿ ಕರೆದವರು ಶೇ 31. ಸುಮ್ಮನಿದ್ದವರಿಗೂ ಕಳವಳವಾಗಿತ್ತು, ಹೊಣೆ ಹಂಚಿಹೋಗಿತ್ತು. ಹಾಸ್ಟೆಲಿನ ಕಾರಿಡಾರಿನಲ್ಲಿ ನಡೆಯುವುದೂ ಇದೇ. ಆದ್ದರಿಂದ ‘ಧೈರ್ಯವಾಗಿರಿ’ ಎನ್ನುವ ಬದಲು ಬಾಯಿಗೆ ಬರುವ ವಾಕ್ಯಗಳನ್ನು ಕೊಡಬೇಕು.

ಮೂವರ ಗುಂಪು ಮಾಡಿ, ಎರಡೆರಡು ನಿಮಿಷದ ಅಭ್ಯಾಸ ಕೊಡಿ. ಗಮನ ಬೇರೆಡೆ ಸೆಳೆಯುವುದು: ‘ನಿನ್ನನ್ನೇ ಹುಡುಕುತ್ತಿದ್ದೆ, ಲ್ಯಾಬ್ ರೆಕಾರ್ಡ್ ತಂದಿದ್ದೀಯಾ? ಬಾ ಒಂದು ನಿಮಿಷ.’ ಬೇರೆಯವರನ್ನು ಕರೆಯುವುದು: ಗುಂಪಿಗೆಲ್ಲ ಕೂಗದೆ ಒಬ್ಬರನ್ನು ಬೊಟ್ಟು ಮಾಡಿ, ‘ನೀಲಿ ಅಂಗಿ, ನೀವು ವಾರ್ಡನ್‌ನ ಕರೆದುಕೊಂಡು ಬನ್ನಿ.’ ನೇರ ಮಾತು: ‘ಅವಳು ಬೇಡ ಅಂದಳು. ಕೈ ಬಿಡು.’ ಆಮೇಲೆ ವಿಚಾರಿಸುವುದು: ‘ನಾನು ನೋಡಿದೆ. ಈಗ ನಿನಗೆ ಏನು ಬೇಕು?’ ಇಲ್ಲಿ ಎಚ್ಚರ: ಹಿಂಸೆಯ ದೃಶ್ಯವನ್ನೇ ಅಭಿನಯಿಸಲು ಬಿಡಬಾರದು. ಒಬ್ಬಳನ್ನು ಬಲಿಪಶುವಿನ ಪಾತ್ರಕ್ಕೆ ನಿಲ್ಲಿಸಿದರೆ ಅವಳ ಹಿಂದಿನ ಗಾಯ ಎಲ್ಲರೆದುರು ತೆರೆದುಕೊಳ್ಳಬಹುದು. ಅಭ್ಯಾಸ ಮಾಡಬೇಕಾದ್ದು ಪಕ್ಕದವರ ಮಾತನ್ನು ಮಾತ್ರ.

ಕಳ್ಳಸಾಗಣೆಯ ಅನುಮಾನ ಬಂದಾಗ ನಿಯಮ ಬೇರೆ. ಅಲ್ಲಿ ನೇರ ಮುಖಾಮುಖಿ ಬೇಡ, ಒಳನುಗ್ಗುವುದು ಬೇಡ, ಫೋಟೊ ತೆಗೆದು ಹಂಚುವುದಂತೂ ಬೇಡವೇ ಬೇಡ. ಸ್ಥಳ, ಹೊತ್ತು, ವಾಹನದ ನಂಬರು ಬರೆದುಕೊಂಡು ಪೊಲೀಸರಿಗೋ ಸಹಾಯವಾಣಿಗೋ ತಿಳಿಸಬೇಕು. ವಿದ್ಯಾರ್ಥಿಗಳ ಉತ್ಸಾಹದಿಂದಾಗಿ ಒಳಗಿರುವವರನ್ನು ರಾತ್ರೋರಾತ್ರಿ ಬೇರೆಡೆಗೆ ಸಾಗಿಸಿಬಿಡುವ ಅಪಾಯವಿದೆ.

ಇನ್ನು ಹುಡುಗರ ವಿಷಯ. ಹೀಗಳೆಯುವ ಮಾತಿಗೆ, ಬಲವಂತಕ್ಕೆ ತನ್ನ ಗೆಳೆಯರ ಒಪ್ಪಿಗೆಯಿದೆ ಎಂದು ಹುಡುಗರು ನಿಜಕ್ಕಿಂತ ಹೆಚ್ಚಾಗಿ ಭಾವಿಸುತ್ತಾರೆ. ಸಾಮಾಜಿಕ ರೂಢಿಯ ಅಧ್ಯಯನಗಳು ಇದನ್ನು ಮತ್ತೆ ಮತ್ತೆ ಕಂಡಿವೆ. ಹೆಸರಿಲ್ಲದ ಚೀಟಿಯಲ್ಲಿ ಎರಡು ಪ್ರಶ್ನೆ ಕೇಳಿ: ಇದು ನಿನಗೆ ಸರಿಯೆನಿಸುತ್ತದೆಯೇ? ಈ ತರಗತಿಯಲ್ಲಿ ಎಷ್ಟು ಜನಕ್ಕೆ ಸರಿಯೆನಿಸಬಹುದು? ಎರಡರ ನಡುವಿನ ಅಂತರವನ್ನು ಮುಂದಿನ ವಾರ ತೋರಿಸಿ. ತಾನೊಬ್ಬನೇ ಒಳಗೊಳಗೆ ಮುಜುಗರ ಪಡುತ್ತಿದ್ದೇನೆ ಎಂದುಕೊಂಡಿದ್ದವನಿಗೆ ಜೊತೆ ಸಿಗುತ್ತದೆ. ಮೊದಲ ಪ್ರಶ್ನೆಗೇ ಬಹುಮತ ‘ಸರಿ’ ಎಂದು ಬಂದರೆ ಅದನ್ನು ಗೋಡೆಗೆ ಅಂಟಿಸಬೇಡಿ. ಅದು ತಪ್ಪಿಗೆ ಮುದ್ರೆ ಒತ್ತಿದಂತಾಗುತ್ತದೆ. ಅಲ್ಲಿ ಬೇಕಾದದ್ದು ಚಿಕ್ಕ ಗುಂಪಿನ ದೀರ್ಘ ಮಾತುಕತೆ.

ಮೊದಲ ತರಗತಿಗೆ ಮುನ್ನ

ಮೂವತ್ತು ಮಂದಿಯ ತರಗತಿಯಲ್ಲಿ ಈಗಾಗಲೇ ನೊಂದವರು ಒಬ್ಬರಾದರೂ ಇದ್ದಾರೆ ಎಂದುಕೊಂಡೇ ಶುರು ಮಾಡಬೇಕು. ಪಾಠ ಚೆನ್ನಾಗಿ ನಡೆದರೆ ಯಾರೋ ಒಬ್ಬರು ಬಂದು ಬಾಗಿಲ ಬಳಿ ನಿಲ್ಲುತ್ತಾರೆ. ಆ ಹೊತ್ತಿಗೆ ಉತ್ತರ ಸಿದ್ಧವಿಲ್ಲದಿದ್ದರೆ ಪಾಠವನ್ನೇ ಮುಂದೂಡುವುದು ಒಳ್ಳೆಯದು. ಕ್ಯಾಂಪಸ್ಸಿನಲ್ಲಿ ಇಬ್ಬರು ಗೊತ್ತಾದ ವ್ಯಕ್ತಿಗಳು, ಅವರು ಸಿಗುವ ಕೋಣೆ ಮತ್ತು ಹೊತ್ತು. ಹೊರಗೆ ಒಬ್ಬ ವೈದ್ಯರು, ಒಬ್ಬ ವಕೀಲರು, ಒಂದು ಸುರಕ್ಷಿತ ವಸತಿ. ಪ್ರತಿ ನಂಬರಿಗೂ ತಾವೇ ಕರೆ ಮಾಡಿ ನೋಡಿರಬೇಕು. ಎತ್ತದ ಸಹಾಯವಾಣಿಯನ್ನು ಕೊಟ್ಟರೆ, ಧೈರ್ಯ ಮಾಡಿ ಒಮ್ಮೆ ಕರೆದವರು ಎರಡನೆಯ ಸಲ ಕರೆಯುವುದಿಲ್ಲ. ಕಾರಣ ಹೇಳದೆ ಎದ್ದು ಹೋಗಬಹುದು, ಹಾಜರಾತಿಗೆ ತೊಂದರೆಯಿಲ್ಲ ಎಂದು ಮೊದಲೇ ತಿಳಿಸಿರಬೇಕು. ಕಾನೂನಿನ ಪ್ರಕಾರ ತಾನು ವರದಿ ಮಾಡಲೇಬೇಕಾದ ಸಂಗತಿಗಳು ಯಾವುವು ಎಂಬುದನ್ನೂ ಅಧ್ಯಾಪಕರು ಆಗಲೇ ಹೇಳಬೇಕು. ಎಲ್ಲ ಕೇಳಿಸಿಕೊಂಡ ಮೇಲೆ ‘ಇದನ್ನು ಮೇಲಿನವರಿಗೆ ಹೇಳಲೇಬೇಕು’ ಎನ್ನುವುದು ಇನ್ನೊಂದು ದ್ರೋಹವಾಗುತ್ತದೆ.

ಹೇಳಿಕೊಳ್ಳಲು ಬಂದವರ ಎದುರು ಹೇಗಿರಬೇಕು ಎಂಬುದಕ್ಕೆ ವಿಶ್ವ ಆರೋಗ್ಯ ಸಂಸ್ಥೆಯ 2014ರ ಕೈಪಿಡಿಯ ಕ್ರಮ ಸಾಕು: ಕೇಳಿಸಿಕೊಳ್ಳುವುದು, ಈಗ ಏನು ಬೇಕು ಎಂದು ವಿಚಾರಿಸುವುದು, ನಂಬಿಕೆ ತೋರುವುದು, ಸುರಕ್ಷತೆಯ ಯೋಚನೆ, ಸಹಾಯಕ್ಕೆ ದಾರಿ. ‘ಯಾಕೆ’ ಎಂದು ಶುರುವಾಗುವ ಪ್ರಶ್ನೆ ಬೇಡ. ‘ಯಾಕೆ ಅಲ್ಲಿಗೆ ಹೋದೆ’ ಎಂಬುದು ಕೇಳುವವರ ಕಿವಿಗೆ ಪ್ರಶ್ನೆ, ಹೇಳುವವರ ಕಿವಿಗೆ ತೀರ್ಪು. ವಿದ್ಯಾರ್ಥಿಯನ್ನು ಕೇಳದೆ ಮನೆಗೆ ಫೋನ್ ಮಾಡುವುದು ಕಾಳಜಿಯ ಹೆಸರಿನಲ್ಲಿ ಆಗುವ ದೊಡ್ಡ ಅನಾಹುತ. ಮಾರಿದವರು, ಹೊಡೆದವರು ಮನೆಯವರೇ ಆಗಿರಬಹುದು.

ತರಗತಿಗಳನ್ನು ಒಂದೇ ದಿನಕ್ಕೆ ತುರುಕದೆ, ಸೆಮಿಸ್ಟರಿನ ಉದ್ದಕ್ಕೂ ಒಂದೂವರೆ ಗಂಟೆಯ ಆರೇಳು ಭೇಟಿಗಳಾಗಿ ಹರಡಿ. ಗುಂಪಿನಲ್ಲಿ ಇಪ್ಪತ್ತೈದಕ್ಕಿಂತ ಹೆಚ್ಚು ಜನ ಬೇಡ, ಅಭ್ಯಾಸಕ್ಕೆ ಜಾಗ ಸಿಗುವುದಿಲ್ಲ. ಗೋಡೆಯಾಚೆಯ ಒಂದು ಕೆಲಸವನ್ನೂ ಸೇರಿಸಿಕೊಳ್ಳಿ: ಡಿಗ್ಯೂ ತಂಡಕ್ಕೆ ಪುರಾವೆ ಸಿಕ್ಕ ಮೂರರಲ್ಲಿ ಒಂದಾದ, ಶಾಲೆಗಳಲ್ಲಿ ನಡೆದ ‘ಶಿಫ್ಟಿಂಗ್ ಬೌಂಡರೀಸ್’ ಕಾರ್ಯಕ್ರಮದಲ್ಲಿ ವಿದ್ಯಾರ್ಥಿಗಳೇ ಕಟ್ಟಡದ ನಕ್ಷೆಯಲ್ಲಿ ಹೆದರಿಕೆಯಾಗುವ ಜಾಗಗಳಿಗೆ ಗುರುತು ಹಾಕಿದರು, ಸಿಬ್ಬಂದಿಯ ಓಡಾಟವನ್ನು ಅಲ್ಲಿ ಹೆಚ್ಚಿಸಲಾಯಿತು. ನಕ್ಷೆ ಬಿಡಿಸಲು ಖರ್ಚಿಲ್ಲ. ಬಿಡಿಸಿಕೊಂಡ ಮೇಲೆ ಏನೂ ಮಾಡದಿದ್ದರೆ ಮಾತ್ರ ನಂಬಿಕೆ ಹೋಗುತ್ತದೆ.

ಫಲಿತಾಂಶವನ್ನು ‘ಕಾರ್ಯಕ್ರಮ ಹೇಗಿತ್ತು?’ ಎಂಬ ಚೀಟಿಯಿಂದ ಅಳೆಯಬೇಡಿ. ಆರು ತಿಂಗಳ ನಂತರ ಕೇಳಿ: ಈ ಅವಧಿಯಲ್ಲಿ ಯಾರಾದರೂ ತೊಂದರೆಯಲ್ಲಿದ್ದುದನ್ನು ಕಂಡೆಯಾ, ಏನು ಮಾಡಿದೆ? ಬಂದ ಕೆಲಸದ ಆಹ್ವಾನವನ್ನು ಪರಿಶೀಲಿಸಿದೆಯಾ, ಯಾರಿಗೆ ತೋರಿಸಿದೆ? ಮೊದಲ ವರ್ಷ ದೂರುಗಳ ಸಂಖ್ಯೆ ಏರಬಹುದು. ಇದುವರೆಗೆ ನುಂಗಿಕೊಂಡದ್ದು ಹೊರಬರುತ್ತಿದೆ ಎಂದು ಅದರ ಅರ್ಥ. ಆಡಳಿತ ಮಂಡಳಿಗೆ ಅದು ಕಾಲೇಜಿನ ಹೆಸರು ಕೆಟ್ಟಂತೆ ಕಾಣುತ್ತದೆ, ಕಾರ್ಯಕ್ರಮ ನಿಲ್ಲುವುದೂ ಆಗಲೇ. ಈ ಏರಿಕೆ ಬರಲಿದೆ, ಬಂದಾಗ ಪಾಠ ನಿಲ್ಲಿಸಕೂಡದು ಎಂಬುದನ್ನು ಪ್ರಾಂಶುಪಾಲರ ಸಹಿಯೊಂದಿಗೆ ಮೊದಲ ತರಗತಿಗೆ ಮುನ್ನವೇ ಕಾಗದದ ಮೇಲೆ ಬರೆಸಿಕೊಳ್ಳಿ.